ಕೆರೆಯ ಕಥೆಗಳಲ್ಲಿ ಊರವರ ಒಪ್ಪಿಗೆ

ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರು ತಾಲ್ಲೂಕೂ 1997ರಲ್ಲಿ ದಾವಣಗೆರೆಯ ಹೊಸ ಜಿಲ್ಲೆಯಲ್ಲಿ ಒಂದುಗೂಡಿದುವು. ಹೊನ್ನಾಳಿಯ ಅಂಗವಾಗಿದ್ದ ನ್ಯಾಮತಿಯು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ನ್ಯಾಮತಿಯ ಕಡೆಯದು ಮಲೆನಾಡಿನ ಸೆರಗು, ಜಗಳೂರಿನದು ಮಳೆಯನ್ನು ಕಾದು ಸೋಲುವ ನೆಲ. ಇಷ್ಟು ಬೇರೆಯಾದ ನಾಲ್ಕು ಸೀಮೆಗಳನ್ನು ಒಂದು ನೋಟದಲ್ಲಿ ಕಾಣಿಸತಕ್ಕ ವಸ್ತು ಯಾವುದೆಂದರೆ ಕೆರೆ. ಊರಿನ ಏಳಿಗೆಯ ಕಾರ್ಯದಲ್ಲಿ ಊರವರೆಲ್ಲರನ್ನೂ ಕೂಡಿಸಿಕೊಳ್ಳಬೇಕು, ಲಾಭವಾಗುವವರನ್ನು ಮಾತ್ರವಲ್ಲದೆ ನಷ್ಟವಾಗುವವರನ್ನೂ ಕರೆದು ಕೇಳಬೇಕು ಎಂಬ ಮಾತು ಈಗಿನ ಯೋಜನೆಗಳ ಬರಹದಲ್ಲೆಲ್ಲ ಕಂಡುಬರುತ್ತದೆ. ಈ ಮಾತು ಹೊರಗಿನಿಂದ ಬಂದ ಹೊಸದೆಂದು ಹಲವರ ಎಣಿಕೆ. ನಮ್ಮ ಕೆರೆಯ ಸಾಹಿತ್ಯವನ್ನು ಈ ಒಂದು ಪ್ರಶ್ನೆಯಿಂದ ಓದಿದರೆ ಏನು ದೊರೆಯುತ್ತದೆ ಎಂಬುದೇ ಪ್ರಕೃತ ವಿಚಾರ.

ಮೊದಲು ಶಾಸನಗಳನ್ನು ನೋಡೋಣ. ಕೆರೆಯ ವಿಷಯವಾಗಿ ಶಾಸನಗಳ ಸಾಮಾನ್ಯ ಕ್ರಿಯಾಪದವು ‘ಕಟ್ಟಿಸು’ ಎಂಬುದು. ‘ಕಟ್ಟು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ಪ್ರೇರಣಾರ್ಥವಾಗುವುದೆಂದು ವ್ಯಾಕರಣವು ಹೇಳುತ್ತದೆಯಷ್ಟೆ. ಆದರೆ ಆ ಸಣ್ಣ ಪ್ರತ್ಯಯದಲ್ಲಿ ಎಷ್ಟು ಜನ ಮುಳುಗಿಹೋಗಿದ್ದಾರೆಂಬುದನ್ನು ನಾವು ಎಣಿಸುವುದಿಲ್ಲ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿಯು ಮೊಲೆಯೂಡುವಾಗಲೇ ಮಗುವಿಗೆ ಉಪದೇಶಿಸುವ ಪದ್ಯವು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಅದರ ಸೊಗಸಿಗೆ ನಾನೂ ಮಣಿಯುವವನೇ. ಆದರೂ ಆ ತಾಯಿ ಮಗನಿಗೆ ಹೇಳುವುದು ಕೆರೆಯನ್ನು ಕಟ್ಟಿಸೆಂದೇ ಹೊರತು ಕಟ್ಟೆಂದಲ್ಲ. ಮಂತ್ರಿಯಾಗುವ ಶಿಶುವಿಗೆ ಅದು ತಕ್ಕ ಮಾತು. ಗುದ್ದಲಿ ಹಿಡಿದವನ ತಾಯಿ ಏನು ಹೇಳಿದಳೋ ಅದನ್ನು ಕಲ್ಲಿನಲ್ಲಿ ಕಡೆದವರಿಲ್ಲ.

ಹೀಗೆಂದ ಮಾತ್ರಕ್ಕೆ ಶಾಸನಗಳೆಲ್ಲ ಒಡೆಯನ ಹೊಗಳಿಕೆಯೇ ಎನ್ನುವುದು ಅನ್ಯಾಯವಾದೀತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟು ಹರಿಹರದ ಕಡೆಗೆ ಹರಿದು ತುಂಗಭದ್ರೆಯನ್ನು ಸೇರುವ ಹರಿದ್ರೆಯೆಂಬ ಹೊಳೆಗೆ ಅಣೆ ಕಟ್ಟಿದ ವಿಷಯವು ಹರಿಹರದ 1410ರ ಶಾಸನದಲ್ಲಿ ಬಂದಿದೆ. ಅದು ನಿಜವಾಗಿ ಒಂದು ಕರಾರುಪತ್ರ. ಬ್ರಾಹ್ಮಣರು ತಮ್ಮ ವೆಚ್ಚದಿಂದ ಅಣೆ ಕಟ್ಟಿ ದೇವರ ಭೂಮಿಯ ಮೇಲೆ ಕಾಲುವೆಯನ್ನು ತರುವುದು. ಆ ನೀರಿನಿಂದ ಸಾಗುವಳಿಯಾಗುವ ಭೂಮಿಯಲ್ಲಿ ಎರಡು ಪಾಲು ಹರಿಹರದೇವರಿಗೆ, ಒಂದು ಪಾಲು ವೆಚ್ಚಮಾಡಿದವರಿಗೆ. ನೆಲ ಯಾರದು, ಹಣ ಯಾರದು, ಫಲ ಯಾರಿಗೆ ಎಷ್ಟು ಎಂಬ ಮೂರೂ ಇಲ್ಲಿ ಸ್ಪಷ್ಟವಾಗಿವೆ. ಅಣೆ ಒಡೆದು ಮತ್ತೆ ಕಟ್ಟಿದ ಸಂಗತಿಯೂ 1424ರ ಶಾಸನದಿಂದ ತಿಳಿಯುತ್ತದೆ. ಕೆರೆಯ ದುರಸ್ತಿಗೆ ಬಿಟ್ಟ ‘ಬಿತ್ತುವಟ್ಟ’, ಕಟ್ಟಿದವನಿಗೆ ಕೊಟ್ಟ ‘ಕಟ್ಟುಗೊಡಗೆ’, ‘ದಶವಂದ’ ಎಂಬ ಪಾರಿಭಾಷಿಕ ಶಬ್ದಗಳೂ ಇದೇ ಲೆಕ್ಕಾಚಾರದ ಬುದ್ಧಿಯನ್ನು ತೋರಿಸುತ್ತವೆ. ಹಾಗಿದ್ದರೂ ಈ ಕರಾರಿನೊಳಕ್ಕೆ ಬಂದವರು ಹಣ ಉಳ್ಳವರೂ ನೆಲ ಉಳ್ಳವರೂ ಮಾತ್ರ. ಮಣ್ಣು ಹೊತ್ತವರಿಗೆ ಪಾಲಿನ ಮಾತಿಲ್ಲ.

ಇನ್ನು ಜನಪದ ಸಾಹಿತ್ಯಕ್ಕೆ ಬಂದರೆ, ಅಲ್ಲಿ ನಮಗೆ ಊರಿನ ದನಿ ಕೇಳಿಸೀತೆಂದು ನಿರೀಕ್ಷಿಸುತ್ತೇವೆ. ‘ಕೆರೆಗೆ ಹಾರ’ ಎಂಬ ಕಥನಗೀತೆಯಲ್ಲಿ ಅದು ಕೇಳಿಸುವ ರೀತಿ ಬೇರೆ. ಪಾಠಾಂತರಗಳುಂಟು, ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ತಿಳಿದಿರುವ ಪಾಠವನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸುತ್ತಾನೆ, ನೀರು ಬೀಳುವುದಿಲ್ಲ, ಜೋಯಿಸರನ್ನು ಕೇಳಿದರೆ ಹಿರಿಯ ಸೊಸೆಯನ್ನು ಹಾರ ಕೊಡಬೇಕೆನ್ನುತ್ತಾರೆ. ಈ ಹಾಡನ್ನು ತರಗತಿಗಳಲ್ಲಿ ‘ತ್ಯಾಗ’ವೆಂಬ ಒಂದೇ ಶಬ್ದದಿಂದ ಮುಗಿಸಿಬಿಡುವ ರೂಢಿಯುಂಟು. ಹಾಡು ಮಾತ್ರ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುವರೆಂಬ ಕಾರಣದಿಂದ ಕಿರಿಯ ಸೊಸೆ ಭಾಗೀರಥಿಯ ಹೆಸರು ಹೊರಡುತ್ತದೆ. ನನ್ನ ಮಟ್ಟಿಗೆ ಹಾಡಿನ ತಿರುಳು ಈ ಬದಲಾವಣೆಯಲ್ಲಿದೆ. ಬೆಲೆ ತೆರಬೇಕಾದುದು ಗೊತ್ತಾಗಿದೆ. ಯಾರು ತೆರಬೇಕೆಂಬುದು ಮೇಲಿನಿಂದ ಕೆಳಕ್ಕೆ ಜಾರುತ್ತ ಬಂದು, ಯಾರ ಮಾತಿಗೆ ಮನೆಯಲ್ಲಿ ತೂಕ ಕಡಮೆಯೋ ಅವಳ ಮೇಲೆ ನಿಲ್ಲುತ್ತದೆ. ಅವಳ ಗಂಡ ದಂಡಿನಲ್ಲಿದ್ದಾನೆ. ಅವಳ ಪರವಾಗಿ ಆಡುವವರಿಲ್ಲ.

ಭಾಗೀರಥಿಯನ್ನು ಯಾರೂ ಕೇಳಲಿಲ್ಲ. ಆಕೆ ಮಾತ್ರ ತಿಳಿದುಕೊಂಡಿದ್ದಾಳೆ. ತವರಿಗೆ ಹೋಗುತ್ತಾಳೆ, ಕಣ್ಣೀರೇಕೆಂದು ತಂದೆ ಕೇಳಿದರೆ, ಅತ್ತೆಮಾವಂದಿರು ಬೇರೆ ಇಡುವರಂತೆ ಎಂದು ಸುಳ್ಳು ಹೇಳುತ್ತಾಳೆ. ಅವರಿಗೆ ತಿಳಿದ ಕಷ್ಟ ಬೇರೆ ಇಡುವುದೊಂದೇ. ಆದುದರಿಂದ ಹೊಲಮನೆಯನ್ನೋ ಒಡವೆಯನ್ನೋ ಕೊಟ್ಟು ಸಮಾಧಾನಪಡಿಸುತ್ತಾರೆ. ನಿಜವನ್ನು ಆಕೆ ಹೇಳುವುದು ಗೆಳತಿಯೊಬ್ಬಳಿಗೆ. ಗೆಳತಿಯಾದರೂ ಇಟ್ಟಂತೆ ಇರಬೇಕೆಂದಳಲ್ಲದೆ ಬೇರೆ ದಾರಿ ತೋರಿಸಲಿಲ್ಲ. ಆಮೇಲೆ ಗಂಗೆಯ ಪೂಜೆ, ಬುತ್ತಿಯೂಟ. ಕೊನೆಗೆ ಮರೆತುಬಂದ ಬಂಗಾರದ ಬಟ್ಟಲಿನ ನೆವ. ಪೂಜೆಗೆ ಮನೆಯವರೆಲ್ಲ ಕೂಡಿದ್ದರು, ಉಂಡರು, ಹೊರಟರು. ಈ ದಿನದ ಭಾಷೆಯಲ್ಲಿ ಹೇಳುವುದಾದರೆ ಎಲ್ಲರ ಸಹಭಾಗವೂ ಅಲ್ಲಿತ್ತು, ಒಬ್ಬಳ ಒಪ್ಪಿಗೆಯೊಂದನ್ನು ಬಿಟ್ಟು. ಹಾಡಿದ ಹೆಂಗಸರು ಇದನ್ನು ಬಲ್ಲರು. ಇಲ್ಲವಾದರೆ ಗಂಡ ಮಾದೇವರಾಯನು ದಂಡಿನಿಂದ ಓಡಿಬಂದು ತುಂಬಿದ ಕೆರೆಗೆ ತಾನೂ ಹಾರಿದನೆಂದು ಮುಗಿಸುತ್ತಿರಲಿಲ್ಲ. ನೀರು ಬಂತೆಂಬ ಸಂತೋಷಕ್ಕೆ ಹಾಡು ಒಂದು ನುಡಿಯನ್ನೂ ಹೆಚ್ಚಾಗಿ ಖರ್ಚುಮಾಡಿಲ್ಲವೆಂಬುದನ್ನು ಗಮನಿಸಬೇಕು.

ಈ ಹಿನ್ನೆಲೆಯಲ್ಲಿ ಸೂಳೆಕೆರೆಯ ಐತಿಹ್ಯವನ್ನು ಓದಿದಾಗ ಅದರ ವಿಶೇಷವು ಕಾಣುತ್ತದೆ. ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಈ ಕೆರೆಯ ಸುತ್ತಳತೆಯನ್ನು ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ 40 ಮೈಲಿಯೆಂದು ಬರೆದಿದ್ದಾರೆ. ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳು ಅದಕ್ಕುಂಟು. ಕಥೆಯನ್ನೂ ಅವರು ಸಂಗ್ರಹಿಸಿ ಕೊಟ್ಟಿದ್ದಾರೆ. ಸ್ವರ್ಗಾವತಿಯೆಂಬ ಪಟ್ಟಣದ ಅರಸು ವಿಕ್ರಮರಾಯ; ಅವನ ಮಗಳು ಶಾಂತವ್ವ; ಸಿದ್ಧೇಶ್ವರನ ಸಂಗದಿಂದ ತನಗೆ ದೋಷ ತಟ್ಟಿತೆಂದು ಅವಳು ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ನಿಶ್ಚಯಿಸುತ್ತಾಳೆ. ಕೆರೆಗೆ ತಕ್ಕ ಸ್ಥಳದಲ್ಲಿ ಸೂಳೆಯರ ಕೇರಿ ಇತ್ತು. ಅವರು ಜಾಗ ಬಿಡಲು ಒಂದು ನಿಬಂಧನೆ ಹಾಕಿದರು: ಕೆರೆಗೆ ತಮ್ಮ ಹೆಸರೇ ನಿಲ್ಲಬೇಕು. ಹಾಗೆಯೇ ನಿಂತಿತು.

ಇದರಲ್ಲಿ ಚಮತ್ಕಾರವೇನೂ ಇಲ್ಲವೆಂದು ತೋರಬಹುದು. ಆದರೆ ಕಥೆಯ ಕಟ್ಟನ್ನು ನೋಡಿರಿ. ಅರಸನ ಮಗಳು ಒಂದು ಕೇರಿಯನ್ನು ಎಬ್ಬಿಸಬಲ್ಲಳು, ಕಥೆ ಹಾಗೆ ನಡೆಯಬಹುದಾಗಿತ್ತು, ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕಥೆ ಕಟ್ಟಿದವರು ಹಾಗೆ ನಡೆಸದೆ, ಅವಳು ಕೇಳುವಂತೆಯೂ ಇವರು ಷರತ್ತು ಹಾಕುವಂತೆಯೂ ಮಾಡಿದರು. ಷರತ್ತಾದರೂ ಎಂಥದು? ಚಿನ್ನವಲ್ಲ, ಬದಲಿ ನೆಲವಲ್ಲ. ನೆಲ ಮುಳುಗಿದ ಮೇಲೆ ಇಲ್ಲಿ ಯಾರಿದ್ದರೆಂಬುದನ್ನು ನೀರು ಹೇಳದು, ಹೆಸರು ಹೇಳುತ್ತದೆ. ಕೇರಿಯನ್ನು ಕಳೆದುಕೊಳ್ಳುವವರು ಆ ಕೇರಿ ಇತ್ತೆಂಬ ಸಾಕ್ಷ್ಯವನ್ನು ಬೇಡಿದರು. ಶಾಂತವ್ವನೂ ಅವರೂ ಒಂದು ಬಗೆಯಲ್ಲಿ ಲೋಕದ ಕಣ್ಣಿಗೆ ಕಳಂಕಿತರೇ ಎಂಬುದನ್ನು ಮರೆಯಲಾಗದು. ತಾನು ದೋಷಿಯೆಂದು ತಿಳಿದವಳು ಇನ್ನೊಬ್ಬರನ್ನು ದೋಷಿಗಳೆಂದು ದೂಡಲಾರದೆ ಹೋದಳೆಂಬ ಧ್ವನಿ ಕಥೆಯಲ್ಲಿದೆ. ಭಾಗೀರಥಿಯ ಹಾಡಿನಲ್ಲಿ ಗೌಡನ ಮನೆಯ ಮಾನವಂತರು ಮಾಡದೆ ಬಿಟ್ಟುದನ್ನು ಇಲ್ಲಿ ಕಳಂಕಿತೆ ಮಾಡಿದ್ದಾಳೆ.

ಇದಕ್ಕೆ ಎರಡು ಆಕ್ಷೇಪಗಳು ಸಹಜ. ಇದು ಹೆಸರಿನಿಂದ ಹುಟ್ಟಿದ ಕಥೆ, ಕಥೆಯಿಂದ ಹುಟ್ಟಿದ ಹೆಸರಲ್ಲ, ಎಂಬುದು ಮೊದಲನೆಯದು. ಇರಬಹುದು. ಸ್ಥಳನಾಮಗಳಿಗೆ ಜನ ಹೇಳುವ ನಿರುಕ್ತಿಗಳನ್ನು ಚರಿತ್ರೆಯೆಂದು ನಂಬುವವನು ವಿದ್ವಾಂಸನಲ್ಲ. ಆದರೆ ಪ್ರಕೃತ ಪ್ರಶ್ನೆ ಚರಿತ್ರೆಯದಲ್ಲ. ಒಂದು ಹೆಸರಿಗೆ ನೂರು ಕಥೆ ಕಟ್ಟಬಹುದಾಗಿದ್ದಲ್ಲಿ ಈ ಸೀಮೆಯ ಜನ ಒಪ್ಪಂದದ ಕಥೆಯನ್ನೇ ಏಕೆ ಕಟ್ಟಿದರು? ಊರಿನ ದೊಡ್ಡ ಕೆಲಸವೊಂದು ಊರವರಲ್ಲಿ ಅತ್ಯಂತ ಕೆಳಗೆ ಎಣಿಸಲ್ಪಟ್ಟವರ ಒಪ್ಪಿಗೆಯಿಲ್ಲದೆ ಆಗಬಾರದಿತ್ತು ಎಂಬ ಭಾವನೆ ಅವರಲ್ಲಿ ಇದ್ದುದರಿಂದಲೇ ಅಲ್ಲವೇ? ಚರಿತ್ರೆಯಾಗಿ ಅದು ಸುಳ್ಳಾದರೂ ನ್ಯಾಯದ ಕಲ್ಪನೆಯಾಗಿ ನಿಜ.

ಎರಡನೆಯ ಆಕ್ಷೇಪವು ಶಿಷ್ಟರದು. ಹೆಸರು ಅಸಭ್ಯವಾಗಿದೆ, ಶಾಂತಿಸಾಗರವೆಂಬ ಹೆಸರು ಕಿವಿಗೂ ಇಂಪು, ರಾಜಕುವರಿಯ ನೆನಪೂ ಅದರಲ್ಲಿ ಉಳಿಯುತ್ತದೆ ಎನ್ನುತ್ತಾರೆ. ಈಗ ಈ ಹೆಸರೇ ಬರಹದಲ್ಲಿ ಬಹುಮಟ್ಟಿಗೆ ನಿಂತಿದೆ. ಮಕ್ಕಳೆದುರಿಗೆ ಹಳೆಯ ಹೆಸರನ್ನು ಉಚ್ಚರಿಸಲು ಅಧ್ಯಾಪಕರು ಸಂಕೋಚಪಡುವುದನ್ನು ನಾನು ಅರಿಯೆನೆಂದಲ್ಲ. ಆದರೂ ವಿಮರ್ಶಕನಾಗಿ ಹೇಳಲೇಬೇಕಾದುದೊಂದಿದೆ. ಕಥೆಯ ಪ್ರಕಾರ ಆ ಹೆಸರು ಅಲಂಕಾರವಲ್ಲ, ಕ್ರಯ. ನೆಲವನ್ನು ಇಟ್ಟುಕೊಂಡು ಕ್ರಯವನ್ನು ಹಿಂದಕ್ಕೆ ತೆಗೆದುಕೊಂಡಂತಾಯಿತು. ಕಟ್ಟಿಸಿದವಳ ಹೆಸರು ಉಳಿದು ಬಿಟ್ಟುಕೊಟ್ಟವರ ಹೆಸರು ಅಳಿಯುವುದೆಂದರೆ ಐತಿಹ್ಯವು ಮತ್ತೆ ಶಾಸನಗಳ ‘ಕಟ್ಟಿಸು’ ಎಂಬ ಕ್ರಿಯಾಪದಕ್ಕೆ ಮರಳುವುದೇ ಸರಿ. ಊರವರು ಮಾತಿನಲ್ಲಿ ಈಗಲೂ ಸೂಳೆಕೆರೆಯೆಂದೇ ಅನ್ನುತ್ತಾರೆ. ಕರಾರನ್ನು ನಡೆಸಿಕೊಂಡು ಬಂದವರು ಅವರೇ.

ಕೂಲಿಯವರ ದನಿ ನಮ್ಮ ಸಾಹಿತ್ಯದಲ್ಲಿ ಎಲ್ಲಿಯೂ ಇಲ್ಲವೇ ಎಂದು ಕೇಳಬಹುದು. ಸೊನ್ನಲಿಗೆಯ ಸಿದ್ಧರಾಮನ ಕಥೆ ಇದಕ್ಕೆ ಉತ್ತರ. ಕೆರೆ ತೋಡಿಸುವುದನ್ನೇ ಯೋಗವೆಂದು ಹಿಡಿದ ಈತನನ್ನು ಕುರಿತು ರಾಘವಾಂಕನು ಕಾವ್ಯ ಬರೆದನು. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಬಂದು, ಎಲ್ಲಿ ನಿಮ್ಮ ಒಡ್ಡನೆಂದು ಹಂಗಿಸಿದಾಗ ಕೆಲಸದವರು ಕೆರಳಿ ಕಲ್ಲು ಎಸೆಯುವ ಪ್ರಸಂಗ ಬರುತ್ತದೆ. ಆ ಕಲ್ಲುಗಳನ್ನು ತತ್ತ್ವಾರ್ಥದಲ್ಲಿ ಮಾತ್ರ ಓದುವುದು ನಮ್ಮ ಅಭ್ಯಾಸ. ಆದರೆ ಕೆರೆ ತನ್ನದೆಂದು ತಿಳಿದವನಲ್ಲದೆ ಬರಿಯ ಕೂಲಿಯಾಳು, ದಣಿಯನ್ನು ಬೈದವನ ಮೇಲೆ ಕಲ್ಲೆತ್ತುವನೇ? ಇಲ್ಲಿ ಜನ ಕೂಡಿದ್ದಾರೆ; ಕೂಡಿದವರಿಗೆ ಅಭಿಮಾನವೂ ಇದೆ. ಇಲ್ಲದಿರುವುದು ಕೂಡಿಸಿದವನನ್ನು ಪ್ರಶ್ನಿಸುವ ಧೈರ್ಯ. ಅದಕ್ಕೆ ಹೊರಗಿನಿಂದ ಅಲ್ಲಮನೇ ಬರಬೇಕಾಯಿತು. ಮಠವೋ ಮುಖಂಡನೋ ಮುಂದೆ ನಿಂತು ನಡೆಸುವ ಊರ ಕೆಲಸಗಳಲ್ಲಿ ಈ ಅಂಶವನ್ನು ಇಂದಿಗೂ ಕಾಣಬಹುದು.

ಇದೆಲ್ಲ ಪುಸ್ತಕದ ಮಾತೆಂದು ಬಿಡುವಂತಿಲ್ಲ. ವಿಶ್ವಬ್ಯಾಂಕಿನ ಸಾಲದಿಂದ 2002ರಲ್ಲಿ ಕರ್ನಾಟಕದಲ್ಲಿ ನಡೆಯತೊಡಗಿದ ಜಲಸಂವರ್ಧನೆ ಯೋಜನಾ ಸಂಘದ ಕಾರ್ಯದಲ್ಲಿ ಪ್ರತಿ ಕೆರೆಗೂ ಬಳಕೆದಾರರ ಸಂಘವಿರಬೇಕು, ಅಚ್ಚುಕಟ್ಟಿನ ರೈತರಲ್ಲದೆ ನೆಲವಿಲ್ಲದವರೂ ಹೆಂಗಸರೂ ಅದರಲ್ಲಿ ಸೇರಬೇಕು, ಊರವರು ತಮ್ಮ ವಂತಿಗೆಯನ್ನೂ ಕೊಡಬೇಕು ಎಂಬ ಉದ್ದೇಶವಿತ್ತು. ಜಗಳೂರಿನಲ್ಲಿ ತುಂಗಭದ್ರೆಯ ನೀರನ್ನು ಹರಿಹರದ ಬಳಿಯ ದೀಟೂರಿನಿಂದ ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಸಿರಿಗೆರೆಯ ತರಳಬಾಳು ಮಠದ ಪ್ರೇರಣೆಯೂ ರೈತರ ಒತ್ತಾಯವೂ ಸರ್ಕಾರದ ಹಣವೂ ಕೂಡಿಬಂದುವು. ಬರದ ನಾಡಿಗೆ ಅದು ದೊಡ್ಡ ಉಪಕಾರ. ಆದರೆ ಬಹುಕಾಲ ಬತ್ತಿದ ಕೆರೆಯ ಅಂಗಳವೂ ಯಾರಿಗೋ ಬದುಕು. ಅಲ್ಲಿ ಕುರಿ ಮೇಯಿಸಿದವನು, ಜೇಡಿಮಣ್ಣು ತೆಗೆದ ಕುಂಬಾರ, ತೇವವಿದ್ದಷ್ಟು ದಿನ ಬಿತ್ತಿದವನು, ಇವರು ನೀರು ಬಂದ ದಿನ ದಡಕ್ಕೆ ಸರಿಯಬೇಕಾಗುತ್ತದೆ. ಹಿಂದೆ ತೂಬನ್ನು ಕಾಯ್ದು ನೀರನ್ನು ಹಂಚುತ್ತಿದ್ದ ನೀರಗಂಟಿಯ ಮಾತಿಗೆ ಪಂಪಿನ ಕಾಲದಲ್ಲಿ ಸ್ಥಾನವೆಲ್ಲಿ? ಇವರು ಬಾಗಿನ ಅರ್ಪಿಸುವ ದಿನದ ಗುಂಪಿನಲ್ಲಿ ಇರುತ್ತಾರೆ, ಬುತ್ತಿಯನ್ನೂ ಉಣ್ಣುತ್ತಾರೆ, ಭಾಗೀರಥಿಯೂ ಪೂಜೆಯಲ್ಲಿದ್ದಳಷ್ಟೆ. ಇತ್ತ ಚನ್ನಗಿರಿಯಲ್ಲಿ ಸೂಳೆಕೆರೆಯ ಒತ್ತುವರಿಯನ್ನು ಅಳೆದು ಗಡಿ ಗುರುತಿಸಬೇಕೆಂದು ಖಡ್ಗ ಸಂಘದವರು ಒತ್ತಾಯಿಸುತ್ತ ಬಂದಿದ್ದಾರೆ. ಗಡಿಯ ಕಲ್ಲು ನೆಡುವಾಗಲೂ ಬಿಟ್ಟುಕೊಡುವವರು ಯಾರು, ಅವರಲ್ಲಿ ಬಡವರೆಷ್ಟು, ಬಲವಂತರೆಷ್ಟು ಎಂಬ ಹಳೆಯ ಪ್ರಶ್ನೆಯೇ ಏಳುತ್ತದೆ.

ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಕಲಿಸುವ ವಿದ್ವನ್ಮಿತ್ರರಲ್ಲಿ ಒಂದು ಬಿನ್ನಹವುಂಟು. ತಮ್ಮ ಊರ ಕೆರೆಯ ಹೆಸರು, ಅದರ ತೂಬು, ಕೋಡಿ, ಏರಿಗಳ ಹೆಸರು, ಆ ಹೆಸರುಗಳಿಗೆ ಮುದುಕಿಯರು ಹೇಳುವ ಕಾರಣ, ಇವುಗಳನ್ನು ವಿದ್ಯಾರ್ಥಿಗಳಿಂದ ಬರೆಸಿ ಈ ಪತ್ರಿಕೆಗೆ ಕಳುಹಿಸಿದರೆ ಉಪಕಾರವಾಗುತ್ತದೆ. ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪವು ನ್ಯಾಮತಿಯ ಕಡೆಗಿದೆ. ಆ ಸುತ್ತಿನ ತಾಂಡಾಗಳಲ್ಲಿ ನೀರನ್ನು ಕುರಿತ ಹಾಡುಗಳನ್ನು ಕೇಳಿ ಬರೆದುಕೊಳ್ಳತಕ್ಕವರು ಬೇಕಾಗಿದ್ದಾರೆ. ಅಸಭ್ಯವೆಂದು ತೋರಿದ ಹೆಸರನ್ನು ತಿದ್ದದೆ ಹೇಳಿದಂತೆಯೇ ಬರೆಯಬೇಕೆಂಬುದೊಂದು ಮಾತ್ರ ನನ್ನ ನಿಬಂಧನೆ.