ಬಸವಣ್ಣನವರು ಯಾವ ಕರ್ನಾಟಕದವರು?

"ನೀವು ಹುಬ್ಳಿ ಸೈಡಾ?"

ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ದಾಟಿತು. ಈ ಪ್ರಶ್ನೆ ಕೇಳದ ಟೀಮ್ ಇಲ್ಲ, ಕೇಳದ ಮನೆ ಓನರ್ ಇಲ್ಲ. ನಾನು ಸಿಂದಗಿ ತಾಲ್ಲೂಕಿನವನು. ಹುಬ್ಬಳ್ಳಿಯನ್ನ ನಾನು ಮೊದಲ ಸಲ ನೋಡಿದ್ದು ಬಿ.ಇ. ಕೊನೇ ವರ್ಷದಲ್ಲಿ, ಯಾವುದೋ ಕಂಪನಿ ಇಂಟರ್‌ವ್ಯೂಗೆ ಹೋದಾಗ. ಸೊಲ್ಲಾಪುರ ನೋಡಿದ್ದು ಅವ್ವನ ಸೊಂಟದ ಮೇಲೆ ಕೂತಿದ್ದಾಗ. ಕಲಬುರಗಿ ನೋಡಿದ್ದು ಅತ್ತಿ ಮನೆಗೆ ಹೋದಾಗಲೆಲ್ಲ. ಆದರೂ "ಹೌದ್ರೀ, ಆ ಕಡೇನೇ" ಅಂದುಬಿಡುತ್ತೇನೆ. ಇನ್ನೇನು ಹೇಳೋದು? ಸಿಂದಗಿ ಅಂದರೆ "ಅದು ಎಲ್ಲಿ ಬರುತ್ತೆ?" ಅಂತಾರೆ. ವಿಜಯಪುರ ಅಂದರೆ "ಓ, ದೇವನಹಳ್ಳಿ ಹತ್ರದ್ದಾ?" ಅಂತಾರೆ. ಕೊನೆಗೆ ಗೋಳಗುಮ್ಮಟ ಎತ್ತಿಕೊಂಡು ಬರಬೇಕು.

ಉತ್ತರ ಕರ್ನಾಟಕ ಎಲ್ಲಿಂದ ಶುರು ಆಗುತ್ತೆ ಅಂತ ಒಮ್ಮೆ ಪಿ.ಜಿ.ಯಲ್ಲಿ ಜಗಳಾನೇ ಆಗಿತ್ತು. ಬೆಂಗಳೂರಿನವನ ಪ್ರಕಾರ ಚಿತ್ರದುರ್ಗ ದಾಟಿದರೆ ಎಲ್ಲಾ ನಾರ್ತೇ. ದಾವಣಗೆರೆಯವನು ತುಂಗಭದ್ರಾ ಹೊಳೆ ತೋರಿಸಿದ: ಹರಿಹರ ದಾಟಿದ ಮೇಲೆ ಅಂತ. ಧಾರವಾಡದವನು ಒಂಥರಾ ನಕ್ಕು, "ನಮ್ಮದು ಸಾಹಿತ್ಯದ ಊರು, ನೀವು ಹೇಳೋ ಬಿಸಲು, ರೊಟ್ಟಿ, ಧೂಳು ಎಲ್ಲಾ ಬಿಜಾಪುರದ ಕಡೆ" ಅಂದ. ನಾನೂ ಸುಮ್ಮನೆ ಇರಲಿಲ್ಲ, ಬಿಸಲು ಅಂದ್ರೆ ಕಲಬುರಗಿ ಅಂದೆ. ಕಲಬುರಗಿಯವನು ರಾಯಚೂರಿನವನ ಕಡೆ ನೋಡಿದ. ಉತ್ತರ ಅನ್ನೋದು ಯಾರ ಊರಲ್ಲೂ ಇಲ್ಲ, ಯಾವಾಗಲೂ ಮುಂದಿನ ಊರಲ್ಲೇ ಇರುತ್ತೆ. ಆದರೆ ಅವತ್ತೇ ರಾತ್ರಿ ನಾವು ಮೂವರೂ ಸೇರಿ ಜೋಳದ ರೊಟ್ಟಿ ಹುಡುಕಿಕೊಂಡು "ಉತ್ತರ ಕರ್ನಾಟಕ ಶೈಲಿ" ಅಂತ ಬೋರ್ಡಿದ್ದ ಖಾನಾವಳಿಗೆ ಹೋದೆವು ಅನ್ನೋದನ್ನೂ ಹೇಳಬೇಕು. ಬೋರ್ಡು ಸುಳ್ಳು ಅಂತ ಯಾರೂ ತಕರಾರು ತೆಗೀಲಿಲ್ಲ. ಹಸಿವಿಗೆ ದೊಡ್ಡ ಹೆಸರು ಸಾಕು.

ಆದ್ದರಿಂದ ಬೆಂಗಳೂರಿನವರ ಅಜ್ಞಾನದ ಬಗ್ಗೆ ನನಗೆ ಅಂಥಾ ಸಿಟ್ಟಿಲ್ಲ. ನಾನು ತಕರಾರು ತೆಗೆಯೋದು ಸರ್ಕಾರ ಇಟ್ಟ ಎರಡು ಹೆಸರುಗಳ ಬಗ್ಗೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. 2021ರಲ್ಲಿ ಮುಂಬೈ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕ ಆಯಿತು. ಹೊರಗಿನ ಊರುಗಳ ಹೆಸರು ನಮಗ್ಯಾಕೆ ಅನ್ನೋದು ವಾದ. ಒಪ್ಪೋಣ. ಆದರೆ ಹಳೇ ಹೆಸರುಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು. 1956ರ ನವೆಂಬರ್ 1ಕ್ಕೆ ಮುಂಚೆ ಈ ನೆಲ ಎಲ್ಲಿಂದ ಬಂತು ಅಂತ ಅವು ಹೇಳುತ್ತಿದ್ದವು, ಅಷ್ಟೇ. ಹೊಸ ಹೆಸರುಗಳು ಅದೇ ಹಳೇ ಗೆರೆಯನ್ನ ಹಾಗೇ ಇಟ್ಟುಕೊಂಡು ಮೇಲೆ ಒಂದು ಅಭಿಮಾನದ ಶಾಲು ಹೊದಿಸಿವೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೇಟಾಬೇಸ್ ಮುಟ್ಟಿಲ್ಲ, ಕಾಲಂ ಹೆಸರು ಮಾತ್ರ ಬದಲಾಯಿಸಿದಾರೆ.

ಫಲಿತಾಂಶ ನೋಡಿ. ಕಲ್ಯಾಣ ಅಂದರೆ ಬಸವಕಲ್ಯಾಣ, ಅಂದರೆ ಬಸವಣ್ಣನವರು, ಶರಣರು, ಅನುಭವ ಮಂಟಪ. ಆ ಬಸವಣ್ಣನವರ ಹುಟ್ಟೂರು ಬಸವನ ಬಾಗೇವಾಡಿ ಇರೋದು ಕಿತ್ತೂರು ಕರ್ನಾಟಕದಲ್ಲಿ! ಅವರು ಓದಿದರು ಅನ್ನೋ ಕೂಡಲಸಂಗಮ ಬಾಗಲಕೋಟೆ ಜಿಲ್ಲೆ, ಅದೂ ಕಿತ್ತೂರು. ಕೆಲಸಕ್ಕೆ ಸೇರಿದ ಮಂಗಳವೇಢೆ ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಭಂಡಾರಿಯಾದ ಕಲ್ಯಾಣ ಬೀದರ್ ಜಿಲ್ಲೆ. ಒಬ್ಬ ಮನುಷ್ಯನ ಒಂದು ಜೀವನಕ್ಕೆ ಎರಡು ರಾಜ್ಯ, ಎರಡು ಕರ್ನಾಟಕ ಬೇಕಾಯಿತು. ಹೆಸರಿಟ್ಟವರು ಬಾಗೇವಾಡಿಯನ್ನ ಮರೆತರೋ, ಗೊತ್ತಿದ್ದೂ ಸುಮ್ಮನಾದರೋ, ಯಾವುದು ಹೆಚ್ಚು ಬೇಜಾರಿನ ವಿಷಯ ಅಂತ ನೀವೇ ಯೋಚಿಸಿ.

ಕಿತ್ತೂರು ಚೆನ್ನಮ್ಮ ಅಂದರೆ ನಮಗೂ ರೋಮಾಂಚನವೇ. 1824ರ ಕಥೆ ನಮ್ಮೂರ ಸಾಲಿಯಲ್ಲೂ ನಾಟಕ ಆಗಿದೆ, ನಾನು ಅದರಲ್ಲಿ ಮಾತೇ ಇಲ್ಲದ ಸಿಪಾಯಿ. ಆದರೆ ಕಿತ್ತೂರು ಸಂಸ್ಥಾನಕ್ಕೂ ಸಿಂದಗಿ, ಇಂಡಿ, ಮುದ್ದೇಬಿಹಾಳಕ್ಕೂ ಏನು ಸಂಬಂಧ? ಅದರ ಆಳ್ವಿಕೆ ನಮ್ಮ ತನಕ ಬರಲೇ ಇಲ್ಲ. ಇನ್ನು ಅದೇ ಕಿತ್ತೂರು ಕರ್ನಾಟಕದಲ್ಲಿ ಕಾರವಾರವೂ ಇದೆ. ಕಾರವಾರದ ಮೀನುಗಾರ, ಇಂಡಿಯ ಲಿಂಬಿ ತೋಟದ ರೈತ ಒಂದೇ ಪ್ರದೇಶದವರು ಅಂತ ಅವರಿಬ್ಬರಿಗೂ ಹೇಳಿ ನೋಡಿ. ಇಬ್ಬರೂ ನಗ್ತಾರೆ, ಬೇರೆ ಬೇರೆ ಕನ್ನಡದಲ್ಲಿ.

ಸರ್ಕಾರಕ್ಕೇ ಈ ಗೆರೆಯ ಮೇಲೆ ನಂಬಿಕೆ ಇದ್ದ ಹಾಗಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿಗೆ ಬನ್ನಿ. ಅಲ್ಲಿ ನಿಂತಿರೋ ಬಸ್ಸಿನ ಮೇಲೆ ಏನು ಬರೆದಿದೆ? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ವಿಜಯಪುರ ವಿಭಾಗ ಇರೋದು ಆ ನಿಗಮದಲ್ಲಿ, ಅದರ ಕೇಂದ್ರ ಕಛೇರಿ ಕಲಬುರಗಿ. ಹೈಕೋರ್ಟಿಗೆ ಹೋಗಬೇಕಾದರೂ ಕಲಬುರಗಿ ಪೀಠವೇ. ಕರೆಂಟ್ ಹೋದರೆ ಮಾತ್ರ ಹುಬ್ಬಳ್ಳಿಯ ಹೆಸ್ಕಾಂ. ಕಂದಾಯ ವಿಭಾಗ ಬೆಳಗಾವಿ, ವಿಶ್ವವಿದ್ಯಾಲಯವೂ ಬೆಳಗಾವಿಯ ರಾಣಿ ಚನ್ನಮ್ಮ. ಇನ್ನೊಂದು ತಮಾಷೆ ಅಂದರೆ 371(ಜೆ) ಪಟ್ಟಿಯಲ್ಲಿರೋ ಕೊಪ್ಪಳ, ಬಳ್ಳಾರಿಯವರ ಕೇಸು ಹೋಗೋದು ಧಾರವಾಡ ಪೀಠಕ್ಕೆ. ಅಂದರೆ ಬಸ್ ಹತ್ತುವಾಗ, ಕೋರ್ಟ್ ಮೆಟ್ಟಿಲು ಹತ್ತುವಾಗ ನಾವು ಕಲ್ಯಾಣದವರು. ಲೈಟ್ ಬಿಲ್ ಕಟ್ಟುವಾಗ, ಪರೀಕ್ಷೆ ಬರೆಯುವಾಗ ಅಲ್ಲ.

ಇದೆಲ್ಲ ನಗುವ ವಿಷಯವಾಗಿಯೇ ಉಳೀಬಹುದಿತ್ತು. 2014ರ ತನಕ ನಮ್ಮ ಮನೇಲೂ ಹಾಗೇ ಇತ್ತು.

ನಮ್ಮೂರು ಸಿಂದಗಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಮೊರಟಗಿ ದಾಟಿ ಮುಂದೆ ಹೋದರೆ ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ. ನನ್ನ ಸೋದರತ್ತಿಯನ್ನ ಕೊಟ್ಟಿದ್ದು ಅಲ್ಲಿಗೇ. ಅದೇ ಕರಿ ಮಣ್ಣು, ಅದೇ ತೊಗರಿ, ಅದೇ ಬಿಳಿಜೋಳ, ಅದೇ ಉಪ್ಪು ನೀರಿನ ಬೋರು. ಅತ್ತಿಯ ಮಗಳು, ನನ್ನ ತಂಗಿ ಒಂದೇ ವಯಸ್ಸಿನವರು, ಒಂದೇ ಊರಿನ ಕಾಲೇಜಿನಲ್ಲಿ ಪಿಯುಸಿ ಓದಿದರು, ಒಂದೇ ರೂಮಿನಲ್ಲಿದ್ದರು. ಸಿಇಟಿಯಲ್ಲಿ ನನ್ನ ತಂಗಿಯ ರ‍್ಯಾಂಕು ಮುಂದಿತ್ತು. ಸೀಟು ಸಿಕ್ಕಿದ್ದು ಅತ್ತಿಯ ಮಗಳಿಗೆ.

ಕಾರಣ ಸಂವಿಧಾನದ 371(ಜೆ). 98ನೇ ತಿದ್ದುಪಡಿ, 2012ರದು, 2013ರಿಂದ ನಿಯಮಗಳು ಬಂದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೀಗೆ ಆರು ಜಿಲ್ಲೆ, ಈಗ ವಿಜಯನಗರ ಸೇರಿ ಏಳು. ಅಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8. ಸರ್ಕಾರಿ ನೌಕರಿಯಲ್ಲೂ ಮೀಸಲು. ಅತ್ತಿಯ ಮಗಳ ಕೈಯಲ್ಲಿ ಒಂದು ಪ್ರಮಾಣಪತ್ರ ಇತ್ತು, ನನ್ನ ತಂಗಿಯ ಕೈಯಲ್ಲಿ ಇರಲಿಲ್ಲ. ಆ ರಾತ್ರಿ ಇಬ್ಬರೂ ಅತ್ತರು, ಒಬ್ಬಳು ಸಿಗಲಿಲ್ಲ ಅಂತ, ಇನ್ನೊಬ್ಬಳು ಸಿಕ್ಕಿತಲ್ಲ ಅಂತ.

ನಾನು ಬೆಂಗಳೂರಿಂದ ಫೋನಿನಲ್ಲಿ ಬೈದೆ. ಯಾರಿಗೆ ಬೈದೆ ಅಂತ ನೆನಪಿಲ್ಲ, ಗೆರೆಗೆ ಬೈದಿರಬೇಕು. ಆಮೇಲೆ ಅಪ್ಪ ಹೇಳಿದ ಒಂದು ಮಾತು ನನ್ನ ಬಾಯಿ ಮುಚ್ಚಿಸಿತು. "ತಮ್ಮಾ, ನಿಮ್ಮ ಅತ್ತಿನ್ನ ಮೊಗಲಾಯಿಗಿ ಕೊಡೂ ಮುಂದ ನಿಮ್ಮಜ್ಜಿ ಮೂರ್ ದಿನ ಊಟಾ ಬಿಟ್ಟಿದ್ಲು."

ಮೊಗಲಾಯಿ. ನಿಜಾಮನ ಸೀಮೆಗೆ ನಮ್ಮ ಕಡೆ ಹಿರಿಯರು ಇವತ್ತಿಗೂ ಬಳಸೋ ಪದ ಇದು. ಬ್ರಿಟಿಷರ ಗೆಜೆಟಿಯರ್‌ಗಳಲ್ಲೂ ಇದೇ ಪದ ಇದೆ. ಅಜ್ಜಿಯ ಬಾಯಲ್ಲಿ ಅದಕ್ಕೆ ಅರ್ಥ: ಸಾಲಿ ಇಲ್ಲದ, ರಸ್ತೆ ಇಲ್ಲದ, ಕೇಳೋರಿಲ್ಲದ ಸೀಮೆ. ಅಪ್ಪನ ಊರಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಕನ್ನಡ ಸಾಲಿ ಇತ್ತು. ಅತ್ತಿಯ ಗಂಡನ ಊರಿನಲ್ಲಿ ಅವರಪ್ಪ ಓದಿದ್ದು ಉರ್ದುವಿನಲ್ಲಿ, ಅದೂ ಬೇರೆ ಊರಿಗೆ ನಡಕೊಂಡು ಹೋಗಿ. ಇಡೀ ದೇಶಕ್ಕೆ 1947ರ ಆಗಸ್ಟಿನಲ್ಲಿ ಬಂದ ಸ್ವಾತಂತ್ರ್ಯ ಅವರಿಗೆ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ. ರಜಾಕಾರರ ಕಾಲದಲ್ಲಿ ಓಡಿ ಬಂದವರಿಗೆ ನಮ್ಮೂರವರು ದನದ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ ಕಥೆ ಅಪ್ಪ ಹೇಳ್ತಿದ್ದರು. ಹಾಗಾಗಿ ಆ ಗೆರೆ ಸುಳ್ಳು ಅಂತ ನಾನು ಹೇಳಲಾರೆ. ಅದು ಇತ್ತು. ಅದರ ಆ ಕಡೆ ಹುಟ್ಟಿದವರು ನಿಜಕ್ಕೂ ನಷ್ಟ ಅನುಭವಿಸಿದ್ದಾರೆ. 371(ಜೆ) ತಪ್ಪು ಅನ್ನೋ ವಾದಕ್ಕೆ ನನ್ನ ತಂಗಿಯ ಸೀಟನ್ನ ಸಾಕ್ಷಿಯಾಗಿ ಕೊಡೋಕೆ ನಾನು ತಯಾರಿಲ್ಲ.

ನನ್ನ ಪ್ರಶ್ನೆ ಬೇರೆ. ಇತಿಹಾಸವೇ ಅಳತೆ ಅನ್ನೋದಾದರೆ ಬಳ್ಳಾರಿ ಹೇಗೆ ಬಂತು? ಬಳ್ಳಾರಿ ನಿಜಾಮನದಲ್ಲ. ಮದ್ರಾಸಿನಲ್ಲಿತ್ತು, 1953ರಲ್ಲೇ ಮೈಸೂರಿಗೆ ಸೇರಿತು. ಅದನ್ನ ಸೇರಿಸಿದ್ದು ಹಿಂದುಳಿದಿದೆ ಅಂತ. ಸರಿಯಾದ ಕಾರಣವೇ. ಹಾಗಾದರೆ ಇತಿಹಾಸವನ್ನ ಒಂದು ಕಡೆ ಸಡಿಲ ಮಾಡಿದ ಮೇಲೆ ಇನ್ನೊಂದು ಕಡೆ ಯಾಕೆ ಬಿಗಿ? 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಈ ತಪ್ಪು ಮಾಡಲಿಲ್ಲ. ಅದು ಯಾವ ರಾಜ ಆಳಿದ್ದ ಅಂತ ಕೇಳಲಿಲ್ಲ, ತಾಲ್ಲೂಕು ತಾಲ್ಲೂಕಾಗಿ ಎಣಿಸಿತು: ಸಾಲಿ, ಆಸ್ಪತ್ರೆ, ನೀರಾವರಿ, ರಸ್ತೆ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಹೇಳಿತು. ಹಳೇ ಮೈಸೂರಿನವೂ ಅದರಲ್ಲಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಇದ್ದವು. ಕರ್ನಾಟಕದ ನಕ್ಷೆಯ ಬಗ್ಗೆ ಬಂದ ಒಳ್ಳೇ ವಿಮರ್ಶೆ ಯಾವುದು ಅಂತ ಕೇಳಿದರೆ ನಾನು ಯಾವ ಸಾಹಿತ್ಯ ಕೃತಿಯನ್ನೂ ಹೇಳಲ್ಲ, ಆ ವರದಿ ಹೇಳ್ತೀನಿ. ಹೆಸರಿಡೋ ಮುಂಚೆ ಅಳೆದ ಒಂದೇ ಪುಸ್ತಕ ಅದು.

ಹೆಸರಿಡೋರಲ್ಲಿ ಸಿನಿಮಾದವರನ್ನೂ ಬಿಡೋ ಹಾಗಿಲ್ಲ. ಇಂಡಿ, ಸಿಂದಗಿಯ ಉತ್ತರಕ್ಕೆ ಹರಿಯೋ ಹೊಳೆಗೆ 'ಭೀಮಾತೀರ' ಅನ್ನೋ ಹೆಸರು ಪತ್ರಿಕೆ, ಪುಸ್ತಕಗಳಿಂದ ಬಂತು, 2012ರಲ್ಲಿ 'ಭೀಮಾ ತೀರದಲ್ಲಿ' ಅಂತ ಸಿನಿಮಾನೇ ಬಂತು. ಅಂದಿನಿಂದ ಭೀಮಾ ಅಂದರೆ ಕಂಟ್ರಿ ಪಿಸ್ತೂಲು. ಅದೇ ಭೀಮೆಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಅವರ ಗೆಳೆಯರು ಹೆಣ್ಣುಮಕ್ಕಳ ಬೀಸುವ ಹಾಡುಗಳನ್ನ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು ಅನ್ನೋದು ಬೆಂಗಳೂರಿನ ಎಷ್ಟು ಜನಕ್ಕೆ ಗೊತ್ತು? ಗೊತ್ತಿಲ್ಲದಿದ್ದರೆ ಬೇಡ, ಆದರೆ ನನ್ನ ಮ್ಯಾನೇಜರ್ "ನಿಮ್ಮ ಕಡೆ ಈಗಲೂ ಗನ್ ಇಟ್ಕೋತಾರಂತೆ?" ಅಂತ ಅಪ್ರೈಸಲ್ ದಿನ ಕೇಳಬಾರದಿತ್ತು. (ಇಟ್ಕೋತಾರೆ ಸರ್ ಅಂದೆ. ಆ ವರ್ಷ ರೇಟಿಂಗ್ ಚೆನ್ನಾಗಿ ಬಂತು.)

ಹಾಗಾದರೆ ಅಲ್ಲಿರೋರು ತಮ್ಮ ಸೀಮೆಯನ್ನ ಹೇಗೆ ಗುರುತು ಮಾಡ್ತಾರೆ? ನಾನು ಕೇಳಿದ ಮಟ್ಟಿಗೆ ಯಾರೂ 'ಕಿತ್ತೂರು' ಅನ್ನಲ್ಲ, 'ಮುಂಬೈ' ಅಂತಲೂ ಅಂದಿರಲಿಲ್ಲ. ನೀರು, ಮಣ್ಣು, ಪ್ಯಾಟಿ, ಬೀಗತನ, ಇವು ನಾಲ್ಕೇ. ಇಂಡಿಯವರಿಗೆ ದೊಡ್ಡ ಊರು ಅಂದರೆ ಸೊಲ್ಲಾಪುರ: ದವಾಖಾನಿ, ಮದುವಿ ಜವಳಿ, ಚಾದರ ಎಲ್ಲಾ ಅಲ್ಲಿಂದ. ಬಾಗೇವಾಡಿ, ಕೊಲ್ಹಾರ, ನಿಡಗುಂದಿಯವರು ಕೃಷ್ಣೆಯ ಲೆಕ್ಕದಲ್ಲಿ ಮಾತಾಡ್ತಾರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಕೊಲ್ಹಾರ ಹೋದ ಮೇಲೆ ಅಲ್ಲಿ ಮುಳುಗಡೆ ಆದವರು, ಆಗದವರು ಅಂತ ಎರಡೇ ಜಾತಿ. ಮುದ್ದೇಬಿಹಾಳ, ತಾಳಿಕೋಟಿಯ ಬೀಗತನ ಸುರಪುರ, ಹುಣಸಗಿ, ಲಿಂಗಸುಗೂರಿನ ತನಕ ಹರಡಿದೆ, ಅಂದರೆ 371(ಜೆ) ಗೆರೆಯ ಆಚೆಗೆ. ನಡುವೆ ಡೋಣಿ ಸಾಲು, ಅಲ್ಲಿಯವರಿಗೆ ತಮ್ಮ ಎರಿ ಭೂಮಿಯ ಮುಂದೆ ಉಳಿದದ್ದೆಲ್ಲ ಬರೀ ಮಣ್ಣು. ಮಾತು ಕೂಡ ಹಾಗೇ. ಧಾರವಾಡದವರು 'ಮಾಡಾಕತ್ತೇನಿ' ಅಂದರೆ ನಾವು 'ಮಾಡ್ಲಾಕತ್ತೀನಿ', ಅತ್ತಿ 'ಮಾಡ್ಲತ್ತೀನಿ'. ಎಲ್ಲಿ ಬದಲಾಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಆ ಜಾಗದಲ್ಲಿ ಕಲ್ಲು ನೆಟ್ಟಿಲ್ಲ.

ನಮ್ಮ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿ, ಧಾರವಾಡದಲ್ಲಿ ಪಾಠ ಹೇಳಿದ ಸಂಶೋಧಕ ಎಂ.ಎಂ. ಅವರ ಅಡ್ಡಹೆಸರು ಕಲಬುರ್ಗಿ. ಅವರನ್ನ ಯಾವ ಕರ್ನಾಟಕಕ್ಕೆ ಹಾಕೋಣ?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅತ್ತಿ ಬಂದಿದ್ದಳು. ಅತ್ತಿಯ ಮಗಳು ಈಗ ಸರ್ಕಾರಿ ನೌಕರಿಯಲ್ಲಿದ್ದಾಳೆ. ನನ್ನ ತಂಗಿ ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಓದಿ ಈಗ ಪುಣೆಯಲ್ಲಿದ್ದಾಳೆ, ಸಾಲ ಇನ್ನೂ ಎರಡು ವರ್ಷ ಇದೆ. ತಂಗಿಗೆ ವರ ನೋಡೋ ಮಾತು ಬಂತು. ಜೇವರ್ಗಿ ಕಡೆಯ ಒಂದು ಸಂಬಂಧ ಇದೆ ಅಂದಳು ಅತ್ತಿ. ಅಪ್ಪ ತಕ್ಷಣ, "ಆ ಕಡೀದಾದ್ರ ಛಲೋನ ಆತು, ಮಕ್ಕಳಿಗ್ಯಾದ್ರೂ ಸರ್ಟಿಫಿಕೇಟ್ ಸಿಗತೈತಿ" ಅಂದರು.

ಅತ್ತಿ ರೊಟ್ಟಿ ಬಡಿಯೋದು ನಿಲ್ಲಿಸಿ ನಗೋಕೆ ಶುರು ಮಾಡಿದಳು. "ಯಣ್ಣಾ, ಅವ್ವ ಇದ್ದಿದ್ರ ಈ ಮಾತು ಕೇಳಬೇಕಾಗಿತ್ತು ನೋಡು. ನನ್ನ ಕೊಡೂ ಮುಂದ ಮೂರ್ ದಿನ ಊಟಾ ಬಿಟ್ಟಿದ್ಲು ಆಕಿ."