ಸಂಗೀತವೆಂಬ ಸರ್ಟಿಫಿಕೇಟು: ರ‍್ಯಾಪ್ ಕುರಿತು ಕೆಲವು ಮಾತು

'ಇದೂ ಒಂದು ಹಾಡೇನ್ರೀ? ರಾಗ ಇಲ್ಲ, ಆಲಾಪ ಇಲ್ಲ, ಬರೀ ಗಡಗಡ ಮಾತು!' ರ‍್ಯಾಪ್ ಬಗ್ಗೆ ನಮ್ಮ ಸಂಗೀತಪ್ರೇಮಿಗಳು ಆಡುವ ಈ ಮಾತು ನಮ್ಮ ಕಿವಿಗೆ ಹೊಸದಲ್ಲ. ದಲಿತ ಕವಿತೆ ಬಂದಾಗ 'ಇದು ಕವಿತೆಯೋ ಘೋಷಣೆಯೋ' ಎಂದವರ ದನಿ ಇದರಲ್ಲಿದೆ. ತಮಟೆಯನ್ನು ವಾದ್ಯ ಎನ್ನದೆ ಸದ್ದು ಎಂದವರ ದನಿಯೂ ಇದೆ. ರ‍್ಯಾಪ್ ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿ ಹುಟ್ಟಿದ ಕಲೆ, ನಿಜ. ಆದರೆ ಬ್ಲಾಕ್ ಪ್ಯಾಂಥರ್‌ಗಳ ಹೆಸರನ್ನು ನೋಡಿಯೇ 1972ರಲ್ಲಿ ಮುಂಬಯಿಯ ನಮ್ಮವರು ದಲಿತ ಪ್ಯಾಂಥರ್ಸ್ ಕಟ್ಟಿದರು. ಆ ನೆಂಟಸ್ತಿಕೆ ಇರುವಾಗ, ಅಲ್ಲಿನ ಹಾಡಿಗೆ ಕೇಳುವ ಪ್ರಶ್ನೆ ನಮ್ಮನ್ನೂ ಕುರಿತದ್ದೇ.

ಮೊದಲು ಪ್ರಶ್ನೆ ಕೇಳುವವರ ಅಳತೆಗೋಲನ್ನು ನೋಡೋಣ. 2019ರಲ್ಲಿ ಅಮೆರಿಕದ ಬಲಪಂಥೀಯ ವ್ಯಾಖ್ಯಾನಕಾರ ಬೆನ್ ಶಪಿರೋ ರ‍್ಯಾಪ್ ಸಂಗೀತವೇ ಅಲ್ಲ ಎಂದರು. ಸಂಗೀತಕ್ಕೆ ಮೆಲೊಡಿ, ಹಾರ್ಮೊನಿ, ಲಯ ಎಂಬ ಮೂರು ಅಂಗ ಬೇಕು, ರ‍್ಯಾಪ್‌ನಲ್ಲಿ ಇರುವುದು ಲಯವೊಂದೇ ಎಂಬುದು ಅವರ ವಾದ. ಇದೇ ಮಹಾಶಯರು 2024ರ ಜನವರಿಯಲ್ಲಿ ಟಾಮ್ ಮೆಕ್‌ಡೊನಾಲ್ಡ್ ಎಂಬ ಬಿಳಿಯ ರ‍್ಯಾಪರ್ ಜೊತೆ ಸೇರಿ ತಾವೇ ರ‍್ಯಾಪ್ ಮಾಡಿದರು! ಅದಿರಲಿ. ಅವರ ಕೋಲಿನಿಂದ ನಮ್ಮ ಶಾಸ್ತ್ರೀಯ ಸಂಗೀತವನ್ನು ಅಳೆದರೆ ಏನಾಗುತ್ತದೆ? ಹಲವು ಸ್ವರಗಳನ್ನು ಒಟ್ಟಿಗೇ ನುಡಿಸಿ ಕಟ್ಟುವ ಪಶ್ಚಿಮದ ಹಾರ್ಮೊನಿ ಕರ್ನಾಟಕ ಸಂಗೀತದಲ್ಲೂ ಇಲ್ಲ, ಹಿಂದೂಸ್ತಾನಿಯಲ್ಲೂ ಇಲ್ಲ. ಆ ಲೆಕ್ಕದಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರೂ ಫೇಲು.

ರಾಗವಿಲ್ಲದ್ದು ಸಂಗೀತವಲ್ಲ ಎನ್ನುವವರ ಕಥೆಯೂ ಹೀಗೇ. ಕಚೇರಿಯಲ್ಲಿ ಮೃದಂಗದ ತನಿ ಆವರ್ತನ ಶುರುವಾದಾಗ ಕಾಫಿಗೆ ಎದ್ದು ಹೋಗುವವರು ಇದ್ದಾರೆ. ಅವರೂ ಅದನ್ನು ಸಂಗೀತವಲ್ಲ ಎನ್ನುವುದಿಲ್ಲ. ಕೊನ್ನಕ್ಕೋಲಿನಲ್ಲಿ ಬಾಯಿಂದ ತಕಧಿಮಿ ತಕಝಣು ಎಂದು ಸೊಲ್ಲು ಹೇಳುತ್ತಾರೆ. ಅಲ್ಲಿ ರಾಗವೂ ಇಲ್ಲ, ನಿಘಂಟಿನ ಅರ್ಥವೂ ಇಲ್ಲ. ಅದು ವಿದ್ವತ್ತು! ಅರ್ಥವಿರುವ ಮಾತನ್ನೇ ಅಷ್ಟು ಕರಾರುವಾಕ್ಕಾಗಿ ತಾಳಕ್ಕೆ ಕೂರಿಸುವ ಕಪ್ಪು ಹುಡುಗನದು ಮಾತ್ರ ಗಲಾಟೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಗೀತ, ವಾದ್ಯ, ನೃತ್ಯ ಮೂರನ್ನೂ ಸೇರಿಸಿ ಸಂಗೀತವೆಂದು ಕರೆದ. ರ‍್ಯಾಪರ್‌ನ ಮಾತು, ಡಿಜೆಯ ಕೈಚಳಕ, ಬ್ರೇಕ್ ಡ್ಯಾನ್ಸ್ ಒಂದೇ ಅಂಗಳದಲ್ಲಿ ಬೆಳೆದವು. ಶಾಸ್ತ್ರದಿಂದಲೂ ಇದನ್ನು ಹೊರಗಿಡಲು ಆಗುವುದಿಲ್ಲ. ಹೊರಗಿಡುವವರು ಬಾಗಿಲು ಕಾಯುವವರು.

ಆ ಅಂಗಳ ಯಾವುದು? ನ್ಯೂಯಾರ್ಕಿನ ಬ್ರಾಂಕ್ಸ್. ಹೆದ್ದಾರಿ ಎಳೆಯಲು ಬಡವರ ಕೇರಿಗಳನ್ನು ಸೀಳಿದ್ದ ಜಾಗ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸಾಲುಸಾಲು ಕಟ್ಟಡಗಳು ಬೆಂಕಿಗೆ ಆಹುತಿಯಾದವು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ಒಂದು ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ಬಂದವನು. ಡಿಜೆ ಕೂಲ್ ಹರ್ಕ್ ಎಂದೇ ಪ್ರಸಿದ್ಧ. ಕುಣಿಯುವವರು ಕಾಯುವುದು ಹಾಡಿನ ನಡುವೆ ಬೇರೆಲ್ಲ ನಿಂತು ಡ್ರಮ್ಮಷ್ಟೇ ನುಡಿಯುವ ತುಣುಕಿಗೆ ಎಂಬುದನ್ನು ಅವನು ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಯಂತ್ರದ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರುಮಾಡಿ, ಕೆಲವೇ ಸೆಕೆಂಡುಗಳ ಬಡಿತವನ್ನು ಬೇಕಾದಷ್ಟು ಹೊತ್ತಿಗೆ ಹಿಗ್ಗಿಸಿದ. ಹೈಸ್ಕೂಲಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡಿನ ಮೇಲೆ ಗುರುತು ಹಾಕಿಕೊಂಡು ಈ ಕೈಕೆಲಸವನ್ನು ಗಡಿಯಾರದಷ್ಟು ನಿಖರ ಮಾಡಿದ. ಹಾಡು ಕೇಳುವ ಯಂತ್ರ ನುಡಿಸುವ ವಾದ್ಯವಾಯಿತು. ಸತ್ತ ದನದ ಚರ್ಮವನ್ನು ಹದಮಾಡಿ, ಬೆಂಕಿಗೆ ಕಾಯಿಸಿ, ಶ್ರುತಿಗೆ ತಂದ ಜನಕ್ಕೆ ಈ ವಿದ್ಯೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ವಿದ್ಯೆಗೆ ಕೋರ್ಟು ಇಟ್ಟ ಹೆಸರು ಕಳವು. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಹಳೆಯ ಹಾಡೊಂದರ ತುಣುಕನ್ನು ಒಪ್ಪಿಗೆಯಿಲ್ಲದೆ ಬಳಸಿದ ಎಂಬ ಕೇಸಿನಲ್ಲಿ, ನ್ಯೂಯಾರ್ಕಿನ ನ್ಯಾಯಾಧೀಶರು ಕದಿಯಬಾರದೆಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರುಮಾಡಿದರು. ಇನ್ನೊಬ್ಬರ ಹಾಡಿನಿಂದ ತೆಗೆದುಕೊಂಡದ್ದಕ್ಕೆ ಹಣ ಕೊಡಬೇಕು, ಸರಿ. ಆದರೆ ಯಾರಿಗೆ? ಜೇಮ್ಸ್ ಬ್ರೌನ್‌ರ 1970ರ 'ಫಂಕಿ ಡ್ರಮ್ಮರ್' ಹಾಡಿನ ಡ್ರಮ್ ತುಣುಕು ಸಾವಿರಾರು ಹಾಡುಗಳ ಬೆನ್ನೆಲುಬು. ಅದನ್ನು ಬಾರಿಸಿದ ಕಪ್ಪು ಕಲಾವಿದ ಕ್ಲೈಡ್ ಸ್ಟಬಲ್‌ಫೀಲ್ಡ್, 2017ರಲ್ಲಿ ತೀರಿಕೊಂಡರು. ಹಾಡಿನ ಕರ್ತೃವಾಗಿ ಅವರ ಹೆಸರಿಲ್ಲ. ಆ ಬಡಿತಕ್ಕೆ ರಾಯಲ್ಟಿಯ ಹಕ್ಕೂ ಇರಲಿಲ್ಲ. 'ಆಮೆನ್, ಬ್ರದರ್' ಎಂಬ 1969ರ ಹಾಡಿಗೆ ಡ್ರಮ್ ನುಡಿಸಿದ ಗ್ರೆಗರಿ ಕೋಲ್ಮನ್ ಅವರ ಕೆಲವು ಸೆಕೆಂಡುಗಳ ಬಡಿತವೂ ಲೋಕ ಸುತ್ತಿತು. ಅವರು 2006ರಲ್ಲಿ ಮನೆಯಿಲ್ಲದವರಾಗಿ ಸತ್ತರು. ಮಟ್ಟು, ಪದ ಬರೆದವರನ್ನು ಕರ್ತೃವೆಂದು ಎಣಿಸುವ ವ್ಯವಸ್ಥೆಗೆ ಡ್ರಮ್ ಬಾರಿಸಿದವನು ಬಾಡಿಗೆಯ ಆಳು. ಸ್ವರಕ್ಕೆ ಪಟ್ಟಾ, ಲಯಕ್ಕೆ ಕೂಲಿ. ಯಾವುದು ಸಂಗೀತ ಎಂಬ ವ್ಯಾಖ್ಯೆ ಯಾರು ಒಡೆಯ, ಯಾರು ಆಳು ಎಂಬುದನ್ನೂ ತೀರ್ಮಾನಿಸಿಬಿಡುತ್ತದೆ.

ಜಾತಿ ಕೂಡ ಇದೇ ಕೆಲಸವನ್ನು ಮಾಡಿಕೊಂಡು ಬಂದಿದೆ. ಮೃದಂಗ ನುಡಿಸುವ ಕೈಗೆ ಸನ್ಮಾನ. ಅದರ ಚರ್ಮ ಆಯ್ದು, ಹದಮಾಡಿ, ನಾದ ಕೂರಿಸುವ ದಲಿತ ಕೈಗೆ ಹೆಸರೇ ಇಲ್ಲ. ಟಿ.ಎಂ. ಕೃಷ್ಣ ಈ ತಯಾರಕರ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ಬರೆದಾಗ, 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಅನುಮತಿಯನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ವೇದಿಕೆಯ ಮೇಲೆ ಚರ್ಮ ಬರಬಹುದು, ಚರ್ಮದ ಕಥೆ ಬರಬಾರದು.

ಇದು ಬರೀ ರುಚಿಯ ಜಗಳವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅಮೆರಿಕದಲ್ಲಿ ರ‍್ಯಾಪ್ ಪದಗಳನ್ನು ಕೋರ್ಟಿನಲ್ಲಿ ಅಪರಾಧದ ಸಾಕ್ಷ್ಯವಾಗಿ ಒಡ್ಡುತ್ತಾ ಬಂದಿದ್ದಾರೆ. ಈ ಪದ್ಧತಿಗೆ ಕಡಿವಾಣ ಹಾಕಲು 2022ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಬಿಳಿಯ ಗಾಯಕ ಜಾನಿ ಕ್ಯಾಶ್ 1955ರಲ್ಲಿ ಕೊಲೆಗಾರನ 'ನಾನು' ಆಗಿ ಹಾಡಿದರು, ಅದು ಕಲೆ. ಕಪ್ಪು ಹುಡುಗ 'ನಾನು' ಎಂದರೆ ತಪ್ಪೊಪ್ಪಿಗೆ! ಹಾಡು ಹಾಡಲ್ಲ, ಬರೀ ಮಾತು ಎಂದು ತೀರ್ಮಾನವಾದ ಕೂಡಲೇ ಹಾಡುಗಾರ ಆರೋಪಿಯಾಗಿಬಿಡುತ್ತಾನೆ. ನಮ್ಮಲ್ಲೂ 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಪೊಲೀಸರು ರಾಜಕೀಯ ಟೀಕೆಯ ಹಾಡುಗಳಿಗಾಗಿ ರಾಜ್ ಮುಂಗಸೆ, ಉಮೇಶ್ ಖಾಡೆ ಎಂಬ ಇಬ್ಬರು ಮರಾಠಿ ರ‍್ಯಾಪರ್‌ಗಳ ಮೇಲೆ ಕೇಸು ಹಾಕಿದರು.

ವಿರೋಧಿಗಳ ಮಾತು ಸಾಕು. ನಮ್ಮ ಕಡೆಯವರು ರ‍್ಯಾಪ್‌ಗೆ ವಕಾಲತ್ತು ವಹಿಸುವುದು ಹೇಗೆ? 'ಇದು ಪ್ರತಿಭಟನೆಯ ದನಿ, ಶತಮಾನಗಳ ಆಕ್ರೋಶ' ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಈ ಹೊಗಳಿಕೆಯಲ್ಲೂ ಒಂದು ಮೋಸವಿದೆ. ಟ್ರಿಶಿಯಾ ರೋಸ್ 1994ರ 'ಬ್ಲಾಕ್ ನಾಯ್ಸ್' ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಅವರು ರ‍್ಯಾಪ್ ಮೇಲೆ ಸಂಶೋಧನೆ ಮಾಡುತ್ತಿದ್ದಾರೆಂದು ತಿಳಿದ ಸಂಗೀತ ವಿಭಾಗದ ಮುಖ್ಯಸ್ಥರೊಬ್ಬರು, ಹಾಗಾದರೆ ಅದರ ಸಾಮಾಜಿಕ ಪರಿಣಾಮ, ರಾಜಕೀಯ ಸಾಹಿತ್ಯದ ಮೇಲೇ ಇರಬೇಕು, ಸಂಗೀತದಲ್ಲಿ ಏನೂ ಇಲ್ಲವಲ್ಲ ಎಂದರಂತೆ. ದಲಿತ ಸಾಹಿತ್ಯಕ್ಕೆ ಆದದ್ದೂ ಇದೇ ಅಲ್ಲವೇ? ನೋವು ನಮ್ಮದು, ಶಿಲ್ಪ ಅವರದು. ವಸ್ತು ನಮ್ಮದು, ಕಲೆ ಅವರದು! 'ಆಕ್ರೋಶ' ಎಂಬ ಪದ ಹಾಡುಗಾರನನ್ನು ಒಳಗೆ ಕರೆದಂತೆ ಮಾಡಿ ಜಗಲಿಯ ಮೇಲೇ ಕೂರಿಸುತ್ತದೆ.

ಹಾಗಾದರೆ ಏನನ್ನು ಕೇಳಬೇಕು? ಒಂದೇ ಉದಾಹರಣೆ. ಎರಿಕ್ ಬಿ ಜೊತೆ 1987ರಲ್ಲಿ 'ಪೇಯ್ಡ್ ಇನ್ ಫುಲ್' ಹೊರತಂದ ರಾಕಿಮ್. ಹಿಂದಿನವರು ಹೆಚ್ಚಾಗಿ ಸಾಲಿನ ಕೊನೆಯಲ್ಲಿ ಪ್ರಾಸ ಇಡುತ್ತಿದ್ದರು. ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ನುಡಿಸಿದ್ದ ರಾಕಿಮ್ ಪ್ರಾಸವನ್ನು ಸಾಲಿನ ಒಳಗೆ ಹಲವು ಕಡೆ ನೆಟ್ಟರು. ವಾಕ್ಯವನ್ನು ತಾಳದ ಆವರ್ತ ಮುಗಿದಲ್ಲಿ ನಿಲ್ಲಿಸದೆ ಮುಂದಿನದಕ್ಕೆ ದಾಟಿಸಿದರು. ಕೇಶಿರಾಜ ಯತಿವಿಲಂಘನವನ್ನು ಕನ್ನಡದ ಅಸಾಧಾರಣ ಲಕ್ಷಣಗಳಲ್ಲಿ ಎಣಿಸಿದ್ದಾನೆ. ಆ ಪಾಠ ಓದಿದ ಕನ್ನಡದ ವಿದ್ಯಾರ್ಥಿಗೆ ರಾಕಿಮ್‌ರ ಕಸುಬು ಅರ್ಥವಾಗದೇ ಇರುವುದಿಲ್ಲ. ಇದನ್ನು ಕೇಳದೆ ಬರೀ 'ಸಂದೇಶ' ಹುಡುಕುವ ವಿಮರ್ಶೆ ಕಿವುಡು ವಿಮರ್ಶೆ.

ಕಲೆ ಎಂದು ಕೇಳುವುದೆಂದರೆ ರಿಯಾಯಿತಿ ಕೊಡುವುದಲ್ಲ. ರ‍್ಯಾಪ್‌ನಲ್ಲಿ ಹೆಣ್ಣನ್ನು ಹೀಗಳೆಯುವ ಹಾಡುಗಳು ರಾಶಿಯಿವೆ. 1990ರಲ್ಲಿ ಫ್ಲಾರಿಡಾದ ನ್ಯಾಯಾಧೀಶರೊಬ್ಬರು 2 ಲೈವ್ ಕ್ರೂ ತಂಡದ ಆಲ್ಬಮ್ಮನ್ನು ಅಶ್ಲೀಲ ಎಂದರು; 1992ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಕಪ್ಪು ಗಂಡಸರನ್ನೇ ಗುರಿಮಾಡಿದ ಆ ಕೇಸಿನ ಜನಾಂಗದ್ವೇಷವನ್ನೂ, ಆ ಹಾಡುಗಳ ಸ್ತ್ರೀದ್ವೇಷವನ್ನೂ ಕಿಂಬರ್ಲೆ ಕ್ರೆನ್ಷಾ ಒಂದೇ ಲೇಖನದಲ್ಲಿ ಎದುರಿಸಿದರು. ನಮ್ಮವರೆಂದು ಮುಚ್ಚಿಡಲಿಲ್ಲ, ಪೊಲೀಸರ ಜೊತೆಗೂ ನಿಲ್ಲಲಿಲ್ಲ. ದಲಿತ ಮಹಿಳೆಯರು ನಮ್ಮ ಚಳವಳಿಗೆ ಕೇಳುತ್ತಾ ಬಂದಿರುವ ಪ್ರಶ್ನೆಯೂ ಇದೇ ಜಾತಿಯದು.

ಸರ್ಟಿಫಿಕೇಟು ಈಗ ಬರುತ್ತಿದೆ. 1965ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರಿಗೆ ವಿಶೇಷ ಗೌರವ ಕೊಡಿ ಎಂದು ತೀರ್ಪುಗಾರರು ಹೇಳಿದರೂ ಪುಲಿಟ್ಜರ್ ಮಂಡಳಿ ಒಪ್ಪಲಿಲ್ಲ. ಅವರು ಸತ್ತು 25 ವರ್ಷವಾದ ಮೇಲೆ, 1999ರಲ್ಲಿ, ಕೊಟ್ಟಿತು. 2018ರಲ್ಲಿ ಅದೇ ಪ್ರಶಸ್ತಿ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರಿಗೆ ಬಂತು. ನಮ್ಮಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಸಾವಿಗೆ, ಜಾತ್ರೆಗೆ ಬಿಟ್ಟಿ ತಮಟೆ ಬಡಿಯುವುದಿಲ್ಲ ಎಂದ ದಲಿತರಿಗೆ ಬಹಿಷ್ಕಾರ ಹಾಕಿದ ಊರುಗಳೂ ಈ ನಾಡಿನಲ್ಲೇ ಇವೆ. ತಮಟೆ ಸಂಗೀತ ಹೌದು ಎಂಬ ಮಾತಿನ ಜೊತೆಗೇ ಅದನ್ನು ಬಡಿಯುವುದಿಲ್ಲ ಎನ್ನುವ ಹಕ್ಕೂ ಬರಬೇಕು. ಇಲ್ಲದಿದ್ದರೆ 'ಕಲೆ' ಎಂಬ ಹೆಸರಿನಲ್ಲಿ ಹಳೆಯ ಚಾಕರಿಯೇ ಹೊಸ ಶಾಲು ಹೊದ್ದು ಬರುತ್ತದೆ.

ಇನ್ನೊಂದು ಅಪಾಯ, ಹಾಡು ಒಳಗೆ ಹೋಗಿ ಹಾಡುಗಾರ ಹೊರಗೆ ಉಳಿಯುವುದು. 2021ರ 'ಎಂಜಾಯ್ ಎಂಜಾಮಿ' ಹಾಡಿಗೆ ಪದ ಬರೆದ ತಮಿಳಿನ ದಲಿತ ರ‍್ಯಾಪರ್ ಅರಿವು, ಸಿಲೋನಿನ ಟೀ ತೋಟದಲ್ಲಿ ದುಡಿದ ತನ್ನ ಅಜ್ಜಿಯ ನೆನಪನ್ನು ಅದರಲ್ಲಿ ತುಂಬಿದರು. ಆ ವರ್ಷದ ಆಗಸ್ಟ್‌ನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ'ದ ಮುಖಪುಟದಲ್ಲಿ ಅವರ ಜೊತೆ ಕೆಲಸ ಮಾಡಿದ ಗಾಯಕರಿದ್ದರು, ಅರಿವು ಇರಲಿಲ್ಲ. ಪಾ. ರಂಜಿತ್ ಮೊದಲಾದವರು ಪ್ರಶ್ನೆ ಎತ್ತಿದ ಮೇಲೆ ಅವರ ಚಿತ್ರವಿರುವ ಇನ್ನೊಂದು ಮುಖಪುಟ ಬಂತು.

ರ‍್ಯಾಪ್ ಸಂಗೀತವೇ ಎಂದು ಯಾರಾದರೂ ಕೇಳಿದರೆ ಹೌದು ಎಂದು ಹೇಳಿ ಮುಂದೆ ನಡೆಯೋಣ. ಅಲ್ಲಿ ಕೈಕಟ್ಟಿ ನಿಂತು ಅರ್ಜಿ ಕೊಡುವುದು ಬೇಡ. ನಮ್ಮ ಕೆಲಸ ಬೇರೆ ಇದೆ. ಹೋರಾಟದ ಹಾಡುಗಳ ಪುಸ್ತಕ ತೆಗೆದು ನೋಡಿ: ಕವಿಯ ಹೆಸರು ಇರುತ್ತದೆ, ಮಟ್ಟು ಹಾಕಿದವರ ಹೆಸರು ಹುಡುಕಬೇಕು, ತಮಟೆ ಬಡಿದವರ ಹೆಸರಂತೂ ಸಿಗುವುದೇ ಅಪರೂಪ. ಸಾವಿಗೆ ಯಾವ ಬಡಿತ, ಮದುವೆಗೆ ಯಾವುದು, ಜಾಥಾದಲ್ಲಿ ಅದೇ ಕೈ ಆ ಬಡಿತವನ್ನು ಹೇಗೆ ಬದಲಿಸಿತು ಎಂದು ಬರೆದಿಟ್ಟವರೆಷ್ಟು ಮಂದಿ? ದಲಿತ ವಿಮರ್ಶೆ ಅಲ್ಲಿಂದ ಶುರುವಾಗಲಿ. ಬಡಿದವರ ಹೆಸರು ಮೊದಲು ಬರೆಯೋಣ.