ಟ್ರಾಫ್ ಎಂಬ ಅಚ್ಚುಮೊಳೆಗಾರ

ಬೆಲ್ ಲ್ಯಾಬ್ಸ್‌ನಲ್ಲಿ 1971ರ ಹೊತ್ತಿಗೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ಸಿಕ್ಕ ಮೊದಲ ಗಿರಾಕಿ ಅಲ್ಲಿನ ಪೇಟೆಂಟ್ ವಿಭಾಗ. ಅವರಿಗೆ ಬೇಕಿದ್ದದ್ದು ಸಾಲುಸಾಲಿಗೂ ಸಂಖ್ಯೆ ಹಾಕಿಕೊಡುವ ಟೈಪಿಂಗ್ ವ್ಯವಸ್ಥೆ. ಆ ಅಗತ್ಯದಿಂದ ಬೆಳೆದ ಬಳ್ಳಿಯಲ್ಲೇ ಜೋ ಒಸಾನ್ನಾ ಬರೆದ ಅಚ್ಚುಜೋಡಣೆಯ ತಂತ್ರಾಂಶ ಟ್ರಾಫ್ ಅರಳಿತು. 1977ರಲ್ಲಿ ಒಸಾನ್ನಾ ತೀರಿಕೊಂಡ ಮೇಲೆ ಬ್ರಯನ್ ಕರ್ನಿಹನ್ ಅದನ್ನು ಯಾವ ಮುದ್ರಣಯಂತ್ರಕ್ಕಾದರೂ ಒಗ್ಗುವಂತೆ ತಿದ್ದಿದರು.

ವರ್ಡ್‌ನಂಥ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಎಲ್ಲವೂ ಒಂದೇ ಕಿಟಕಿಯೊಳಗೆ. ಕಾಗದಪತ್ರಕ್ಕೆ ಅದು ಸಾಕು. ಆದರೆ ಟ್ರಾಫ್‌ನ ಮನೆಯಲ್ಲಿ ಕೆಲಸ ಹಂಚಿಕೊಂಡವರಿದ್ದಾರೆ: ಚಿತ್ರಕ್ಕೆ ಪಿಕ್, ಕೋಷ್ಟಕಕ್ಕೆ ಟಿಬಿಎಲ್, ಗಣಿತಕ್ಕೆ ಇಕ್ಯೂಎನ್. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪಠ್ಯ ಪೈಪ್ ಮೂಲಕ ಸಾಗುತ್ತದೆ.

ನನಗೆ ತೀರಾ ಇಷ್ಟ ಇಕ್ಯೂಎನ್. ಕರ್ನಿಹನ್ ಮತ್ತು ಲೊರಿಂಡಾ ಚೆರಿ ಸೇರಿ ಕಟ್ಟಿದ್ದು. ಗಣಿತವನ್ನು ಮೇಷ್ಟ್ರು ಬಾಯಲ್ಲಿ ಓದಿ ಹೇಳುವ ಹಾಗೆಯೇ ಬೆರಳಚ್ಚಿಸಬೇಕು. ‘ಎ ಓವರ್ ಬಿ’ ಎಂದು ಬರೆದರೆ ಎ ಮೇಲೆ, ನಡುವೆ ಗೆರೆ, ಕೆಳಗೆ ಬಿ. ‘ಎಕ್ಸ್ ಸಪ್ 2’ ಎಂದರೆ ಎರಡು ಚಿಕ್ಕದಾಗಿ ಎಕ್ಸ್‌ನ ಹೆಗಲೇರುತ್ತದೆ. ಗಣಿತ ಗೊತ್ತಿಲ್ಲದ ಬೆರಳಚ್ಚುಗಾರರೂ ಕಲಿಯಬಲ್ಲಷ್ಟು ಸಲೀಸು. ಬಳಸುವವರ ಮೇಲಿನ ಇಂಥ ಕಾಳಜಿ ತಂತ್ರಾಂಶದಲ್ಲಿ ಅಪರೂಪ.

ಕರ್ನಿಹನ್ ಮತ್ತು ರಿಚಿಯವರ 1978ರ ಸಿ ಭಾಷೆಯ ಪುಸ್ತಕ ಟ್ರಾಫ್‌ನಲ್ಲೇ ಅಚ್ಚಿಗೆ ಸಿದ್ಧವಾಯಿತು. ರಿಚರ್ಡ್ ಸ್ಟೀವನ್ಸ್ ತಮ್ಮ ನೆಟ್‌ವರ್ಕ್ ಪುಸ್ತಕಗಳ ಪುಟಗಳನ್ನು ಟ್ರಾಫ್‌ನ ಹೊಸ ರೂಪವಾಗಿ ಜೇಮ್ಸ್ ಕ್ಲಾರ್ಕ್ ಬರೆದ ಗ್ರಾಫ್‌ನಲ್ಲಿ ತಾವೇ ಕಟ್ಟುತ್ತಿದ್ದರು. ಇವತ್ತಿಗೂ ಲಿನಕ್ಸ್‌ನಲ್ಲಿ ‘ಮ್ಯಾನ್’ ಜೊತೆಗೆ ಒಂದು ಆದೇಶದ ಹೆಸರನ್ನು ಟೈಪಿಸಿದರೆ, ಕೈಪಿಡಿಯ ಪುಟವನ್ನು ಸಾಮಾನ್ಯವಾಗಿ ಜೋಡಿಸಿಕೊಡುವುದು ಇದೇ ಗ್ರಾಫ್.